ಒಳಗೆ ಬಿಟ್ಟ ಬಟ್ಟೆ

ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ನಿಂತು ದರ್ಜಿ ತನ್ನ ಮಗಳ ಅಂಕಪಟ್ಟಿಯನ್ನು ಮೂರನೇ ಸಲ ಒಳಗೆ ತಳ್ಳಿದ. ಆಚೆ ಕೂತಿದ್ದ ಹೆಂಗಸು ಒಳ್ಳೆಯವಳು, ಪಾಪ, ಮೂರನೇ ಸಲವೂ ಓದಿದಳು.

"ಮಾರ್ಕ್ಸ್ ಬಗ್ಗೆ ನಮ್ದೇನೂ ತಕರಾರಿಲ್ಲ ಯಜಮಾನ್ರೇ. ನೂರಕ್ಕೆ ತೊಂಬತ್ತೆಂಟು, ಇನ್ನೇನು ಬೇಕು? ಆದ್ರೆ ಇದು ಸಾಮಾನ್ಯ ಗಣಿತ. ನಿಮ್ಮ ಮಗಳು ಕೇಳಿರೋ ಕೋರ್ಸಿಗೆ ಉನ್ನತ ಗಣಿತ ಓದಿರ್ಲೇಬೇಕು. ಓದಿಲ್ದೇ ಇರೋರ ಅರ್ಜಿ ನಾವು ತೆಗೆದೂ ನೋಡಲ್ಲ."

"ಈಗ ಓದ್ತಾಳೆ ಮೇಡಂ. ರಜದಲ್ಲಿ ಕೂತು ಮುಗಿಸಿಬಿಡ್ತಾಳೆ. ಅವಳು ಹಟ ಹಿಡಿದ್ರೆ ಬಿಡೋಳಲ್ಲ."

"ಎರಡು ವರ್ಷದ ಪಾಠ ಕಣ್ರೀ ಅದು."

"ಹಾಗಾದ್ರೆ ಎರಡು ವರ್ಷ ಬಿಟ್ಟು ಬರ್ತಾಳೆ."

"ಆ ಪರೀಕ್ಷೆ ಶಾಲೇಲಿ ಇರೋವಾಗ್ಲೇ ಬರೀಬೇಕು. ಶಾಲೆ ಮುಗೀತಲ್ಲ, ಇನ್ನು ಆಗಲ್ಲ." ಅವಳು ಅಂಕಪಟ್ಟಿಯನ್ನು ಮಡಿಸದೆ, ಮುದುಡದೆ ವಾಪಸ್ಸು ಕೊಟ್ಟಳು. "ಅರವತ್ತೈದು ತಗೊಂಡೋರಿಗೂ ಸೀಟು ಕೊಟ್ಟಿದೀವಿ. ಯಾಕೆ ಅಂದ್ರೆ ಅವ್ರು ಕಷ್ಟದ್ದನ್ನ ಆರಿಸ್ಕೊಂಡು ಓದಿದ್ರು. ಸಬ್ಜೆಕ್ಟ್ ಆರಿಸೋವಾಗ ಯಾರೂ ಹೇಳ್ಲಿಲ್ವಾ ನಿಮಗೆ?"

ಹೇಳಿದ್ದರು. ಮಗಳೇ ಹೇಳಿದ್ದಳು. ದರ್ಜಿ ಅಂಕಪಟ್ಟಿ ಎತ್ತಿಕೊಂಡು ಬಸ್ಸು ಹತ್ತಿದ.

ಮಗಳನ್ನು ಅವನು ಕರೆಯುವುದು ಸೂಜಿ ಎಂದು. ಹುಟ್ಟಿದಾಗಿನಿಂದ ತೆಳ್ಳಗೆ, ಮಾತು ಚೂಪು. ಆರನೇ ವಯಸ್ಸಿಗೇ ಗಿರಾಕಿಗಳ ಎದೆಸುತ್ತು, ತೋಳುದ್ದ ಬಾಯಿಪಾಠ ಒಪ್ಪಿಸುತ್ತಿದ್ದವಳು. ಸೇತುವೆ ಯಾಕೆ ಬೀಳುವುದಿಲ್ಲ, ಬಿದ್ದರೆ ಯಾವ ಕಡೆ ಮೊದಲು ಬೀಳುತ್ತದೆ ಎಂದು ಊಟದ ಹೊತ್ತಿಗೆ ಅಪ್ಪ ಅಮ್ಮನ ತಲೆ ತಿನ್ನುತ್ತಿದ್ದಳು. ಸೇತುವೆ ಕಟ್ಟುವುದನ್ನು ಕಲಿಸುವ ಕಾಲೇಜು ಇದೊಂದೇ. ಹತ್ತು ವರ್ಷದಿಂದ ಅವಳ ಬಾಯಲ್ಲಿ ಬೇರೆ ಕಾಲೇಜಿನ ಹೆಸರೇ ಬಂದಿರಲಿಲ್ಲ.

ಎರಡು ವರ್ಷದ ಹಿಂದೆ ಶಾಲೆಯವರು ವಿಷಯ ಆರಿಸುವ ಫಾರಂ ಕೊಟ್ಟಿದ್ದರು. ಗಣಿತದ ಎದುರು ಎರಡು ಚೌಕ. ಒಂದು ಉನ್ನತ, ಒಂದು ಸಾಮಾನ್ಯ. ಮನೆಯಲ್ಲಿ ಅವಕ್ಕೆ ದೊಡ್ಡ ಲೆಕ್ಕ, ಚಿಕ್ಕ ಲೆಕ್ಕ ಎಂದು ಹೆಸರು ಬಿತ್ತು. ಸೂಜಿ ದೊಡ್ಡ ಲೆಕ್ಕಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಫಾರಂ ಅನ್ನು ಅಂಗಡಿಯ ಕತ್ತರಿ ಮೇಜಿನ ಮೇಲಿಟ್ಟು ಹೋದಳು. ಅಂಗಡಿಯಲ್ಲಿ ಅದೇ ಪದ್ಧತಿ. ಮಗಳು ಬಟ್ಟೆಯ ಮೇಲೆ ತೆಳುವಾಗಿ ಗೆರೆ ಎಳೆಯಬೇಕು, ಕೊನೆಯ ಗೆರೆಯನ್ನು ಗಟ್ಟಿಯಾಗಿ ಎಳೆಯುವವನು ಅಪ್ಪ. "ಸೇತುವೆ ಕಾಲೇಜಿಗೆ ಇದೇ ಬೇಕಂತೆ. ಪೆನ್ನಿನಲ್ಲಿ ನೀನೇ ತಿದ್ದಿ ಸೈನ್ ಹಾಕಪ್ಪ, ನನ್ನ ಕೈ ನಡುಗುತ್ತೆ" ಎಂದಿದ್ದಳು.

ಕೈ ನಡುಗುವುದಕ್ಕೆ ಕಾರಣವಿತ್ತು. ಹಿಂದಿನ ದಿನ ಶಾಲೆಯವರು ದೊಡ್ಡ ಲೆಕ್ಕದ ಮಾದರಿ ಪ್ರಶ್ನೆಪತ್ರಿಕೆ ಕೊಟ್ಟಿದ್ದರು. ಹತ್ತರಲ್ಲಿ ನಾಲ್ಕು ಮಾತ್ರ ಬಂದಿದ್ದವು. ಚಿಂದಿ ಬಟ್ಟೆಯ ಮೂಟೆಗೆ ಒರಗಿ ಕೂತು ಅವಳು ಬಿಕ್ಕಿ ಬಿಕ್ಕಿ ಅತ್ತದ್ದನ್ನು ದರ್ಜಿ ನೋಡಿದ್ದ. ಈಗ ಅವಳು ಫಾರಂ ಇಟ್ಟುಹೋದ ಹೊತ್ತಿಗೇ ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬಂದ ಅಂಚೆ ಗುಮಾಸ್ತ ಅದನ್ನು ನೋಡಿದ. ಆ ಮನುಷ್ಯನಿಗೆ ಗೊತ್ತಿಲ್ಲದ ವಿಷಯ ಜಗತ್ತಿನಲ್ಲಿಲ್ಲ.

"ಯಾವ ಮ್ಯಾಥ್ಸ್ ಅಂತ ಯಾರು ನೋಡ್ತಾರೆ ಮಾರಾಯ? ಮಾರ್ಕ್ಸ್ ನೋಡ್ತಾರೆ. ಸುಲಭದ್ದು ತಗೊಂಡು ತೊಂಬತ್ತು ದಾಟ್ಲಿ. ಬೇಕಾದ್ರೆ ಮುಂದಿನ ವರ್ಷ ದೊಡ್ಡದಕ್ಕೆ ಬದಲಾಯಿಸ್ಕೊಂಡ್ರಾಯ್ತು."

ಅಲ್ಲ, ತನ್ನ ಸೊಂಟದ ಅಳತೆಯೇ ತನಗೆ ನೆನಪಿಲ್ಲದವನ ಮಾತಿಗೆ ಬುದ್ಧಿಯಿದ್ದವರು ಯಾರಾದರೂ ತಲೆಯಾಡಿಸುತ್ತಾರಾ? ದರ್ಜಿ ಆಡಿಸಿದ. ಯಾಕೆಂದರೆ ಆ ಮಾತು ಅವನ ಕಸುಬಿಗೆ ಸರಿಯಾಗಿ ಹೊಂದುತ್ತಿತ್ತು. ಮೂವತ್ತು ವರ್ಷದಿಂದ ಅವನು ಮಾಡಿದ್ದೇ ಅದು. ಮೊದಲು ಸಡಿಲವಾಗಿ ಕಚ್ಚಾ ಹೊಲಿಗೆ ಹಾಕು, ತೊಡಿಸಿ ನೋಡು, ಒಳಗೆ ನಾಲ್ಕು ಬೆರಳು ಬಟ್ಟೆ ಬಿಡು, ಆಮೇಲೆ ಬೇಕಾದಂತೆ ಬಿಚ್ಚು. ಮಗಳ ಶಾಲೆಯ ಲಂಗಕ್ಕೂ ಹಾಗೇ ಬಿಟ್ಟು ಪ್ರತಿವರ್ಷ ಒಂದೊಂದು ಮಡಿಕೆ ಬಿಚ್ಚುತ್ತಿದ್ದ. ಬಿಚ್ಚಿ ಮತ್ತೆ ಹೊಲಿಯಲಾಗದ್ದು ಅಂತ ಒಂದಿರುತ್ತದೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ರಬ್ಬರಿನಿಂದ ಪೆನ್ಸಿಲ್ ಗುರುತು ಅಳಿಸಿದ. ಚಿಕ್ಕ ಲೆಕ್ಕದ ಚೌಕದಲ್ಲಿ ಪೆನ್ನಿನಿಂದ ಗಟ್ಟಿಯಾಗಿ ಗೆರೆ ಎಳೆದು, ಸೈನ್ ಹಾಕಿ, ತಾನೇ ಹೋಗಿ ಶಾಲೆಗೆ ಕೊಟ್ಟುಬಂದ.

ಶಾಲೆ ಶುರುವಾದ ವಾರ ಸೂಜಿ ಮನೆಗೆ ಬಂದು ಚೀಲ ಇಟ್ಟಳು. "ಚಿಕ್ಕ ಲೆಕ್ಕದ ಕ್ಲಾಸಿಗೆ ಹಾಕಿದಾರೆ ಅಪ್ಪ. ದೊಡ್ಡ ಲೆಕ್ಕದ ಕ್ಲಾಸು ಭರ್ತಿ ಆಗಿತ್ತಂತೆ" ಎಂದಳು. ದರ್ಜಿಗೆ ಹೋದ ಜೀವ ಬಂದಂತಾಯಿತು. ಶಾಲೆಯವರೇ ಒಂದು ನೆಪ ಹೇಳಿ ತನ್ನನ್ನು ಉಳಿಸಿದರು ಎಂದುಕೊಂಡ. ಮರುವರ್ಷ ಬದಲಾಯಿಸಿಕೋ ಎಂದು ಹೇಳಿದಾಗ, "ಹಾಗೆಲ್ಲ ಆಗಲ್ಲಂತೆ" ಎಂದು ಅವಳು ಊಟ ಮುಂದುವರಿಸಿದ್ದಳು. ಆಮೇಲೆ ಅವಳು ಸೇತುವೆಯ ಮಾತೆತ್ತಿದ್ದು ಕಡಿಮೆ. ಆದರೂ ಅರ್ಜಿಯನ್ನಂತೂ ಹಾಕಿದಳು.

ಅವನು ಅಂಗಡಿಗೆ ಬಂದಾಗ ಸೂಜಿ ಒಬ್ಬಳೇ ಕೂತು ಅಂಗಿಯೊಂದರ ಗುಂಡಿತೂತುಗಳಿಗೆ ಕಾಜಾ ಹಾಕುತ್ತಿದ್ದಳು. ಅವಳಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಿಂದ ಬರುವುದು ಸಂಜೆಗೆ. ದರ್ಜಿ ಚಪ್ಪಲಿ ಬಿಡುವುದನ್ನೂ ಮರೆತು ಎದುರಿಗೆ ನಿಂತ.

"ಆಗಲ್ಲ ಅಂದ್ರು" ಎಂದ.

"ಗೊತ್ತಿತ್ತು" ಎಂದಳು ಅವಳು, ದಾರ ಕಚ್ಚಿ ಹರಿದು. "ಸುಮ್ನೆ ಯಾಕೆ ಹೋದೆ ಬಿಸಿಲಲ್ಲಿ?"

"ಅದಲ್ಲ ಮಗಳೇ." ಅವನು ಅಂಕಪಟ್ಟಿಯನ್ನು ಮೇಜಿನ ಮೇಲಿಟ್ಟ. "ಕ್ಲಾಸು ಭರ್ತಿ ಆಗಿರ್ಲಿಲ್ಲ. ಆ ಫಾರಂನಲ್ಲಿ ನಿನ್ನ ಗುರುತು ಅಳಿಸಿದ್ದು ನಾನು. ಚಿಕ್ಕ ಲೆಕ್ಕಕ್ಕೆ ಹಾಕಿದ್ದು ನಾನೇ."

ಬೈಯುತ್ತಾಳೆ, ಬಟ್ಟೆ ಎಸೆದು ಎದ್ದು ಹೋಗುತ್ತಾಳೆ ಎಂದು ಕಾದ. ಅವಳು ಸೂಜಿಗೆ ಇನ್ನೊಂದು ದಾರ ಪೋಣಿಸಿದಳು.

"ಅದೂ ಗೊತ್ತು. ಮೊದಲನೇ ದಿನಾನೇ ಲೆಕ್ಕದ ಮೇಷ್ಟ್ರು ಫಾರಂ ತೋರಿಸಿದ್ರು. ನೀನು ಎಳೆದ ಗೆರೆ ನಂಗೆ ಗೊತ್ತಾಗಲ್ವಾ ಅಪ್ಪ? ಕೆಳಗಡೆ ಪೆನ್ಸಿಲ್ಲಿನ ಕಲೆ ಹಾಗೇ ಇತ್ತು."

"ಮತ್ತೆ... ಭರ್ತಿ ಆಗಿತ್ತು ಅಂದ್ಯಲ್ಲ?"

"ಇನ್ನೇನು ಹೇಳ್ಲಿ? ಅಮ್ಮ ಎದುರಿಗಿದ್ಲು, ನಿಜ ಹೇಳಿದ್ರೆ ನಿನ್ನ ಸುಮ್ನೆ ಬಿಡ್ತಿದ್ಲಾ?"

ದರ್ಜಿ ಮೇಜನ್ನು ಹಿಡಿದುಕೊಂಡ. "ಆವಾಗ್ಲೇ ಮೇಷ್ಟ್ರಿಗೆ ಹೇಳಿ ಬದಲಾಯಿಸ್ಬಾರ್ದಿತ್ತಾ? ಟೈಮ್ ಇರ್ಲಿಲ್ವಾ?"

"ಹದಿನೈದು ದಿನ ಇತ್ತು. ಮೇಷ್ಟ್ರು ದಿನಾ ಕೇಳ್ತಿದ್ರು, ಬದಲಾಯಿಸ್ತೀಯೇನಮ್ಮಾ ಅಂತ." ಮೊದಲ ಸಲ ಅವಳ ದನಿ ಅಲುಗಿತು. "ನಾನು ಹುಟ್ಟಿದಾಗಿಂದ ನನ್ನ ಅಳತೆ ತಗೊಂಡೋನು ನೀನು. ನಿನ್ನ ಅಳತೆ ಯಾವತ್ತೂ ತಪ್ಪಲ್ಲ ಅಂತ ಊರೇ ಹೇಳುತ್ತೆ. ಇವಳಿಗೆ ಇಷ್ಟೇ ಸಾಕು ಅಂತ ನೀನೇ ಗೆರೆ ಎಳೆದ್ಮೇಲೆ ನಾನು ಏನಂತ ಬದಲಾಯಿಸ್ಲಿ? ಸರಿ, ನಾನು ಇಷ್ಟೇ ಅಂದ್ಕೊಂಡೆ."

"ಅಯ್ಯೋ, ಅಲ್ಲ ಕಣೇ..." ಎಂದ ದರ್ಜಿ. ನೀನು ಅತ್ತದ್ದು ನೋಡಲಾಗಲಿಲ್ಲ ಎನ್ನಬೇಕೆಂದಿದ್ದ, ಆಮೇಲೆ ಬಿಚ್ಚಬಹುದು ಅಂದುಕೊಂಡಿದ್ದೆ ಎನ್ನಬೇಕೆಂದಿದ್ದ. ಎರಡೂ ಈಗ ಯಾತಕ್ಕೂ ಬರುವಂತಿರಲಿಲ್ಲ. ಮಗಳು ದಡ್ಡಿ ಎಂದು ಅವನಿಗೆ ಒಂದು ದಿನವೂ ಅನಿಸಿರಲಿಲ್ಲ. ಅವಳು ಮಾತ್ರ ಎರಡು ವರ್ಷ ಪೂರ್ತಿ ಹಾಗಂದುಕೊಂಡೇ ಬದುಕಿದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಔಷಧಿ ಅಂಗಡಿಯವರ ಹೆಂಡತಿ, ಹಿಂದೆ ಅವರ ಮಗಳು. ಸೂಜಿಯ ತರಗತಿಯವಳೇ. ದೊಡ್ಡ ಲೆಕ್ಕದಲ್ಲಿ ಅರವತ್ತೇಳು ಬಂದಿದೆ ಎಂದು ಹೋದ ತಿಂಗಳು ತಾಯಿ ಇದೇ ಅಂಗಡಿಯಲ್ಲಿ ಕೂತು ಗೋಳಾಡಿದ್ದರು.

"ಸೀಟು ಸಿಕ್ತು ಕಣ್ರೀ ಇವಳಿಗೆ! ಸೋಮವಾರದಿಂದ ಕಾಲೇಜು. ಲ್ಯಾಬಿಗೆ ಎರಡು ಬಿಳಿ ಕೋಟು ಬೇಕಂತೆ, ಬೇಗ ಹೊಲ್ಕೊಡಿ. ಏನಮ್ಮ, ನಿಂದು ಎಲ್ಲಾಯ್ತು?"

"ನಂದಿನ್ನೂ ಏನಿಲ್ಲ ಆಂಟಿ" ಎಂದು ಸೂಜಿ ಅಂಗಿ ಕೆಳಗಿಟ್ಟು ಎದ್ದಳು. ಗೆಳತಿಯತ್ತ ನೋಡಿ ನಕ್ಕಳು. ಅಳತೆ ಪುಸ್ತಕ ತೆಗೆದು, ಪೆನ್ಸಿಲ್ಲಿನ ತುದಿ ನೋಡಿಕೊಂಡು, ಎಂದಿನ ಜಾಗದಲ್ಲಿ ನಿಂತಳು.

ದರ್ಜಿ ಕೊರಳಿನ ಅಳತೆ ಪಟ್ಟಿ ತೆಗೆದು ಆ ಹುಡುಗಿಯ ಭುಜ ಅಳೆದ. ಹದಿನಾಲ್ಕೂವರೆ ಎಂದ. ಸೂಜಿ ಬರೆದುಕೊಂಡಳು. ಎದೆ ಹೇಳಿದ, ಅದನ್ನೂ ಬರೆದುಕೊಂಡಳು. ತೋಳು ಅಳೆದು ಬಾಯಿ ತೆರೆಯುವಷ್ಟರಲ್ಲಿ ಔಷಧಿ ಅಂಗಡಿಯವರ ಹೆಂಡತಿ, "ಒಳಗೆ ಸ್ವಲ್ಪ ಬಟ್ಟೆ ಬಿಡಿ ಮತ್ತೆ. ನಾಲ್ಕು ವರ್ಷ ಹಾಕೋಬೇಕು, ಬೆಳೆಯೋ ಹುಡುಗಿ" ಎಂದರು.

ದರ್ಜಿ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ.

"ಬಿಡ್ತಾರೆ ಆಂಟಿ" ಎಂದಳು ಸೂಜಿ, ಪುಸ್ತಕದಿಂದ ತಲೆಯೆತ್ತದೆ. "ಅಪ್ಪ ಯಾವಾಗ್ಲೂ ಬಿಡ್ತಾರೆ." ಆಮೇಲೆ ಪೆನ್ಸಿಲ್ಲನ್ನು ಪುಟದ ಮೇಲಿಟ್ಟುಕೊಂಡು ಕೇಳಿದಳು, "ತೋಳು ಎಷ್ಟಪ್ಪ?"

ಈಗಷ್ಟೇ ಅಳೆದದ್ದು ಅವನಿಗೆ ಮರೆತೇಹೋಗಿತ್ತು. ಮತ್ತೊಮ್ಮೆ ಪಟ್ಟಿ ಹಿಡಿದ. ಕಣ್ಣು ಮಂಜಾಗಿ ಅಂಕಿ ಕಾಣಿಸಲಿಲ್ಲ.