ಮಂಗ ಬಿಚ್ಚದ ಗಂಟು

ಬುಟ್ಟಿಯೊಳಗೆ ಇಡುವ ಕಾರ್ಡನ್ನು ಗಂಗೆ ಮೂರು ಸಲ ಓದಿದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳಾದರೂ ತನ್ನ ಹೆಸರು ಎಲ್ಲಿ ಅಡಗಿ ಕೂತಿದ್ದರೂ ಹುಡುಕಿ ತೆಗೆಯುವಷ್ಟು ಅಕ್ಷರ ಅವಳಿಗೆ ಬರುತ್ತಿತ್ತು. ಅಪ್ಪೆಮಿಡಿ ಉಪ್ಪಿನಕಾಯಿಯ ಮುಂದೆ ಸೋಂದಾದ ಸುಬ್ಬಲಕ್ಷ್ಮಿ, ಜೇನುತುಪ್ಪದ ಮುಂದೆ ವಜ್ರಳ್ಳಿಯ ರವೀಂದ್ರ, ತೊಡೆದೇವು ಎಂಬ ಸಿಹಿತಿಂಡಿಯ ಮುಂದೆ ಯಲ್ಲಾಪುರದ ದೇವಕಿ. ಒಬ್ಬೊಬ್ಬರ ಹೆಸರಿನ ಪಕ್ಕದಲ್ಲೂ ಫೋನ್ ನಂಬರು. ಕೆಳಗೆ ಮೂಲೆಯಲ್ಲಿ ಕಾರ್ಡು ಅಚ್ಚು ಹಾಕಿದ ಪ್ರೆಸ್ಸಿನ ಹೆಸರು ಕೂಡ ಇತ್ತು. ಇಷ್ಟನ್ನೂ ಹೊರುವ ಅರವತ್ತು ಬುಟ್ಟಿ ಹೆಣೆದವಳದ್ದು ಮಾತ್ರ ಇರಲಿಲ್ಲ.

ಊರಿನವರು ಮನೆಯಲ್ಲಿ ಮಾಡಿದ ತಿಂಡಿ ತಿನಿಸನ್ನೆಲ್ಲ ಒಟ್ಟುಮಾಡಿ, ಬುಟ್ಟಿಯಲ್ಲಿ ಜೋಡಿಸಿ, ಹ್ಯಾಂಪರ್ ಎಂದು ಮಾರುವುದು ನಮಿತಾಳ ಉದ್ಯೋಗ. ಶಿರಸಿಯಲ್ಲಿ ಅವಳದೊಂದು ಸಣ್ಣ ಅಂಗಡಿ; ಸಿದ್ದಾಪುರದಿಂದ ಗಂಗೆ ಬುಟ್ಟಿ ತಂದದ್ದು ಅಲ್ಲಿಗೇ. ಈ ಸಲ ಭಾನುವಾರ ಅಲ್ಲಿ ಸೇರುವ ಡಾಕ್ಟರುಗಳ ಸಭೆಗೆ ಅರವತ್ತು ಹ್ಯಾಂಪರಿನ ಆರ್ಡರು ಬಂದಿತ್ತು.

"ಅಮಾ, ನನ್ನ ಹೆಸರೆಲ್ಲಿ?" ಗಂಗೆ ಕೇಳಿದಳು.

"ಗಂಗಕ್ಕಾ, ಇದು ಒಳಗಿರೂ ಸಾಮಾನಿನ ಪಟ್ಟಿ. ಬುಟ್ಟಿ ಅಂದ್ರೆ ಪ್ಯಾಕಿಂಗು."

"ಪ್ರೆಸ್ಸಿನವ ಒಳಗಿದಾನಾ?"

ನಮಿತಾ ನಕ್ಕುಬಿಟ್ಟಳು. ಒಳ್ಳೆಯ ಹೆಂಗಸು. ಬುಟ್ಟಿಯ ದುಡ್ಡನ್ನು ಒಂದು ದಿನವೂ ತಡಮಾಡಿದವಳಲ್ಲ. "ಮುಂದಿನ ಸಲ ನೋಡ್ವ," ಎಂದಳು. ಮುಂದಿನ ಸಲ ಎಂಬುದನ್ನು ಗಂಗೆ ಈಗ ಎರಡು ವರ್ಷದಿಂದ ನೋಡುತ್ತಲೇ ಇದ್ದಳು.

ಹೆಸರಿನ ಹುಚ್ಚು ಅವಳಿಗೆ ಸುಮ್ಮನೆ ಹಿಡಿದದ್ದಲ್ಲ. ಸಿದ್ದಾಪುರದ ಸಂತೆಯಲ್ಲಿ ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಬಿದಿರಿನದನ್ನು ಕೇಳುವವರಿಲ್ಲ. ವರ್ಷಕ್ಕೆರಡು ಸಲ ನಮಿತಾ ಕೊಡುವ ಆರ್ಡರಿನಿಂದ ಕತ್ತಿ ತುಕ್ಕು ಹಿಡಿಯದೆ ಉಳಿದಿತ್ತು, ಅಷ್ಟೆ. ಇದೇ ಕೊನೆಯ ವರ್ಷ, ಆಮೇಲೆ ಬಿಟ್ಟುಬಿಡುವುದು ಎಂದು ಮನೆಯಲ್ಲಿ ಮಾತಾಗಿತ್ತು. ಅಂಥದರಲ್ಲಿ ಹೋದ ತಿಂಗಳು ಶಿರಸಿಯ ಒಂದು ಮನೆಗೆ ಬಾಳೆಗೊನೆ ಕೊಡಲು ಹೋದಾಗ, ಅಲ್ಲಿ ಟೀವಿಯ ಪಕ್ಕದಲ್ಲಿ ತನ್ನದೇ ಬುಟ್ಟಿ ಕೂತಿದ್ದನ್ನು ಕಂಡಳು. ಎಲ್ಲಿಯದು ಎಂದು ಕೇಳಿದ್ದಕ್ಕೆ ಮನೆಯೊಡತಿ ಹೆಮ್ಮೆಯಿಂದ, "ಅಸ್ಸಾಮಿಂದು. ಇಂಥ ಕೆಲಸ ನಮ್ಮ ಕಡೆಯವ್ರಿಗೆ ಎಲ್ಲಿ ಬರ್ತದೆ? ಇನ್ನೊಂದು ಬೇಕಿತ್ತು, ಯಾರನ್ನ ಕೇಳೂದು ಗೊತ್ತಿಲ್ಲ" ಎಂದಿದ್ದಳು. ಉಪ್ಪಿನಕಾಯಿ ಮುಗಿದು ವರ್ಷವಾಗಿತ್ತು. ಅದನ್ನು ಹಾಕಿದವರ ನಂಬರು ಮಾತ್ರ ಆ ಮನೆಯ ಫೋನಿನಲ್ಲಿ ಭದ್ರವಾಗಿತ್ತು.

ಸಾಮಾನು ತುಂಬಿ ಮುಗಿದಾಗ ನಮಿತಾ ಹೇಳಿದಳು, "ಮುಚ್ಚಳ ಗಟ್ಟಿ ಕಟ್ಟು ಮಾರಾಯ್ತಿ. ಮಧ್ಯಾಹ್ನದವರೆಗೆ ಬುಟ್ಟಿಯೆಲ್ಲಾ ಸಭಾಭವನದ ಜಗಲಿ ಮೇಲೇ ಇರ್ತದೆ. ಹೋದ ವರ್ಷ ಮಂಗ ಬಂದು ಎಂಟು ಹ್ಯಾಂಪರ್ ಹರಿದು ಹಾಕಿದ್ದು ನೆನಪಿದ್ಯಲ್ಲ?"

ಗಂಗೆ ಬೆತ್ತದ ಎಳೆ ಕೈಗೆತ್ತಿಕೊಂಡಳು. "ಮಂಗ ಬಿಚ್ಚದ ಹಾಗೆ ಕಟ್ಟೂದಾ, ಮನುಷ್ಯರು ಬಿಚ್ಚೂ ಹಾಗೆ ಕಟ್ಟೂದಾ?"

"ಮಂಗ ಬಿಚ್ಚದಿದ್ರೆ ಸಾಕು."

"ನೀವೇ ಹೇಳಿದ್ದು ಮತ್ತೆ," ಎಂದು ಗಂಗೆ ಕೆಲಸ ಶುರುಮಾಡಿದಳು.

ಅದು ಅವಳ ಅತ್ತೆ ಕಲಿಸಿದ ಗಂಟು. ಬೀಜದ ಬುಟ್ಟಿಗೆ ಹಾಕುವಂಥದ್ದು. ಎಳೆದಷ್ಟೂ ಬಿಗಿಯುತ್ತದೆ. ಮುಚ್ಚಳವನ್ನು ಕೆಳಗೆ ಒತ್ತಿ, ಕುಣಿಕೆಯನ್ನು ಎಡಕ್ಕೆ ಜಾರಿಸಿದರೆ ತಾನಾಗಿ ಬಿಡುತ್ತದೆ. ಮಂಗನಿಗೆ ಎಳೆಯುವುದು ಗೊತ್ತು, ಒತ್ತುವುದು ಗೊತ್ತಿಲ್ಲ ಎಂದು ಅತ್ತೆ ಹೇಳುತ್ತಿದ್ದಳು. ಡಾಕ್ಟರುಗಳ ವಿಷಯ ಅವಳು ಏನೂ ಹೇಳಿರಲಿಲ್ಲ.

ಭಾನುವಾರ ಮಂಗಗಳು ಬಂದವು, ಎಳೆದವು, ಸಿಟ್ಟಾಗಿ ಹೋದವು. ಒಂದು ಬುಟ್ಟಿಯೂ ಹಾಳಾಗಲಿಲ್ಲ. ಸಂಜೆ ಡಾಕ್ಟರುಗಳು ಒಂದೊಂದನ್ನು ಮನೆಗೆ ಒಯ್ದರು, ಎಳೆದರು.

ಸೋಮವಾರ ಬೆಳಿಗ್ಗೆ ನಮಿತಾಳ ಫೋನು ಹೊಡೆದುಕೊಳ್ಳತೊಡಗಿತು. ಕತ್ತರಿಸಿ ತೆಗೆಯಬಹುದಿತ್ತು, ಆದರೆ ಇಂಥ ಚೆಂದದ ಬುಟ್ಟಿಗೆ ಕತ್ತರಿ ಹಾಕಲು ಯಾರ ಹೆಂಡತಿಯೂ ಬಿಡಲಿಲ್ಲ. ಇಡೀ ಜಿಲ್ಲೆಯ ಮೂಳೆ ಕೂಡಿಸುವ ಡಾಕ್ಟರೊಬ್ಬರು ಮುಕ್ಕಾಲು ಗಂಟೆ ಗುದ್ದಾಡಿ ಸೋತಿದ್ದರು. ಬಿಚ್ಚುವ ಬಗೆ ನಮಿತಾಳಿಗೂ ಗೊತ್ತಿರಲಿಲ್ಲ; ಗಂಡ ಸುಜಯನನ್ನು ಕರೆದು ಮನೆಮಾತಿನಲ್ಲಿ ಗೋಳಿಟ್ಟಳು. "ಆನು ಎಂತ ಹೇಳವು ಇವ್ಕೆ? ಯಂಗೂ ಬಿಚ್ಚಲೆ ಬತ್ತಿಲ್ಲೆ!"

ಸುಜಯ ತಾನೂ ಹಂಚಿ ಉಳಿದಿದ್ದ ಒಂದು ಬುಟ್ಟಿ ಎಳೆದು ನೋಡಿ, ಗಂಟನ್ನು ಇನ್ನಷ್ಟು ಬಿಗಿ ಮಾಡಿಟ್ಟು, "ಗಂಗಕ್ಕನ ನಂಬರ್ ಕೊಟ್ಬಿಡು" ಎಂದ.

ಆ ದಿನ ಗಂಗೆ ಗದ್ದೆಗೆ ಹೋಗಲಿಲ್ಲ. "ಎಳೀಬೇಡಿ ಸಾರ್. ಒತ್ತಿ. ಹಾಂ, ಈಗ ಎಡಕ್ಕೆ. ನಿಮ್ಮ ಎಡ ಸಾರ್, ಬುಟ್ಟಿ ಎಡ ಅಲ್ಲ." ಗಂಟು ಬಿಚ್ಚಿದ ಸಂತೋಷಕ್ಕೆ ಜನ ಮಾತಿಗಿಳಿಯುತ್ತಿದ್ದರು. ಇದನ್ನು ಹೆಣೆದವರು ನೀವೇನಾ? ಸಿದ್ದಾಪುರದಲ್ಲೇನಾ? ಮೊಮ್ಮಗನ ಆಟಿಕೆ ಹಾಕಲು ಇದಕ್ಕಿಂತ ದೊಡ್ಡದೊಂದು ಸಿಗುವುದೇ? ಬುಧವಾರದ ಹೊತ್ತಿಗೆ ಹದಿನೇಳು ಬುಟ್ಟಿ ಹೆಣೆಯುವ ಕೆಲಸ ಕೂಡಿತ್ತು. ಗಂಡ ಕೆರಿಯ ತಾನೇ ಬಿದಿರು ಕಡಿದು ತಂದು ಹಾಕಿದ.

ಗುರುವಾರ ನಮಿತಾ ಸ್ಕೂಟರಿನಲ್ಲಿ ಸೀದಾ ಮನೆಗೇ ಬಂದಳು. ಮುಖ ಬಿಗಿದಿತ್ತು.

"ಎಂತ ಗಂಗಕ್ಕಾ, ನನ್ನ ಮರ್ಯಾದೆ ತೆಗೆದೆಯಲ್ಲ!"

"ಮಂಗ ಬಿಚ್ಚಿದ್ವಾ ಅಮಾ?"

ನಮಿತಾ ಬ್ಯಾಗಿಗೆ ಕೈ ಹಾಕಿದಳು. ಮದುವೆಯ ಮನೆಯೊಂದಕ್ಕೆ ನೂರು ಹ್ಯಾಂಪರ್ ಬೇಕೆಂದು ಹೇಳಿ, ಹೊಸ ಕಾರ್ಡು ಚಾಚಿದಳು. ಗಂಗೆ ಮೂರು ಸಲ ಓದಿದಳು. ಎಲ್ಲರ ಹೆಸರಿಗಿಂತ ಮೇಲೆ, ದಪ್ಪಕ್ಷರದಲ್ಲಿ ಇತ್ತು: 'ಬುಟ್ಟಿಯ ಮುಚ್ಚಳ ತೆರೆಯದಿದ್ದರೆ ಸಂಪರ್ಕಿಸಿ. ಗಂಗೆ, ಸಿದ್ದಾಪುರ.' ಪಕ್ಕದಲ್ಲಿ ನಂಬರು.

ಕೆರಿಯ ಇಣುಕಿ ನೋಡಿದ. "ಎಲ್ಲರ ಹೆಸರೂ ಹೊಗಳಿಕೆಗೆ. ನಿಂದು ದೂರಿಗೆ!"

"ದೂರಿಗಾದ್ರೂ ಫೋನ್ ಮಾಡ್ತಾರಲ್ಲ," ಎಂದು ಗಂಗೆ ಕಾರ್ಡನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು.

ಸ್ಕೂಟರು ಹತ್ತುವಾಗ ನಮಿತಾ ತಿರುಗಿ ನಿಂತಳು. "ನೋಡು, ಮದುವೆ ಮನೆ ಒಳಗೆ ಇಡೂದು. ಈ ಸಲ ಸುಲಭದ ಗಂಟು ಹಾಕಿದ್ರೆ ಸಾಕು."

ಗಂಗೆ ಅಂಗಳದಾಚೆಯ ಮರವನ್ನು ನೋಡಿದಳು. ಮರ ಖಾಲಿಯಿತ್ತು.

"ಈ ವರ್ಷ ಮಂಗನ ಕಾಟ ಬಹಳ ಅಮಾ," ಎಂದಳು, ಬೆತ್ತದ ಎಳೆಯನ್ನು ನೀರಲ್ಲಿ ನೆನೆ ಹಾಕುತ್ತ.