ಬಾಗಿಲ ಹಿಂದಿನ ಕಿವಿ

ಮೂರನೆಯ ತಂತಿಯೂ ಕೈಕೊಟ್ಟಿತು. ಮೆನೆಗಾ ಅದನ್ನು ಎರಡು ಕೈಗಳ ನಡುವೆ ಬಿಗಿಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ, ಬೆರಳಿನಿಂದ ಮೀಟಿ ನೋಡಿದಳು. ಒಳ್ಳೆಯ ಕರುಳಿನ ತಂತಿ ಅದುರುವಾಗ ಗಾಳಿಯಲ್ಲಿ ಎರಡು ಗೆರೆ ಕಾಣಬೇಕು, ಎರಡೇ. ನಡುವೆ ಮೂರನೆಯದೊಂದು ಮಿಣುಕಿದರೆ ಅದು ಸುಳ್ಳು ತಂತಿ, ಬಿರಡೆ ಎಷ್ಟು ತಿರುಗಿಸಿದರೂ ಶ್ರುತಿಗೆ ನಿಲ್ಲುವುದಿಲ್ಲ. ಇದರಲ್ಲಿ ಮೂರೇನು, ನಾಲ್ಕು ಕಂಡವು. ಅವಳು ಅದನ್ನು ಒಲೆಗೆ ಎಸೆದಳು. ಕುರಿಯ ಕರುಳು ಚುರ್ರೆಂದು ಸುಟ್ಟು ನಾರಿತು.

"ಸತ್ತ ಮನೇಲಿ ಇದೆಂಥಾ ವಾಸನೇನೇ ತಾಯಿ!" ಪಕ್ಕದ ಮನೆಯ ಮುದುಕಿ ಪಾಸ್ಕ್ವಾ ಒದ್ದೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಗೆ ಬಂದಳು. "ನಿಮ್ಮಪ್ಪನ್ನ ತೊಳೆದು ಬಟ್ಟೆ ಹಾಕಿದ್ದಾಯ್ತು. ಬಂದು ಮುಖ ನೋಡು. ಬದುಕಿದ್ದಾಗ ಒಂದು ದಿನಾನೂ ಇಷ್ಟು ಸುಮ್ನಿರ್ಲಿಲ್ಲ ಮಹಾರಾಯ."

"ಬಂದೆ ಪಾಸ್ಕ್ವಮ್ಮಾ. ಅಪ್ಪನ ವಾದ್ಯದ ಸಣ್ಣ ತಂತಿ ಹರಿದಿದೆ, ಇದೊಂದು ಕಟ್ಬಿಡ್ತೀನಿ."

"ಬೆಳಗಿಂದ ಇದೊಂದು, ಅದೊಂದು. ಎಷ್ಟು ಸಲ ಮೆಟ್ಟಿಲು ಹತ್ತಿ ಇಳಿದೆ? ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಒಂದ್ಕಡೆ ಕೂತು ಅತ್ತುಬಿಡೇ, ಹಗುರ ಆಗುತ್ತೆ."

ಅಳು ಬಂದಿದ್ದರೆ ಮೆನೆಗಾ ಅಳುತ್ತಿದ್ದಳು. ಬಂದಿದ್ದು ತಳಮಳ. ಅವಳ ಕಣ್ಣು ಕಿಟಕಿಯಿಂದಾಚೆ, ಕಮಾನು ಸಾಲಿನ ಕೆಳಗಿನ ಬೀದಿಯ ಮೇಲೆಯೇ ಇತ್ತು. ಮೆರವಣಿಗೆಗೆ ಮೇಣದ ಬತ್ತಿ ಬರಬೇಕಿತ್ತು. ಬತ್ತಿ ತರುವವನು ಲುನಾರ್ದೊ.

ಕದ ತಟ್ಟಿದ್ದು ಲುನಾರ್ದೊ ಅಲ್ಲ, ವಾದ್ಯಗಾರರ ಸಂಘದ ಹಿರಿಯ ಜೋರ್ಜಿ. ಕಹಳೆ ಊದಿ ಊದಿ ಕೆನ್ನೆ ಜೋತುಬಿದ್ದ ಮನುಷ್ಯ. ಟೋಪಿ ಕೈಯಲ್ಲಿ ಹಿಡಿದು ನಿಂತ.

"ಎಲ್ಲಾ ಆಯ್ತಮ್ಮ. ಒಂದೇ ಬಾಕಿ. ಯಾರ ಹೆಸರು ಹೇಳಿ ಹೋದ್ರು ಮೇಷ್ಟ್ರು?"

ಪಾದುವಾ ಊರಿನ ವಾದ್ಯಗಾರರಲ್ಲಿ ಅದೊಂದು ಕಟ್ಟಳೆ. ಗುರು ಸತ್ತರೆ ಅವನ ವಾದ್ಯವನ್ನು ಹೆಣದ ಮುಂದೆ ಒಯ್ಯಬೇಕು. ಚರ್ಚಿನ ಬಾಗಿಲಲ್ಲಿ ಹೆಣ ಇಳಿಸಿದಾಗ ಅವನ ಶಿಷ್ಯರಲ್ಲಿ ಎಲ್ಲರಿಗಿಂತ ಮಿಗಿಲಾದವನು ಒಂದು ಸಲ ನುಡಿಸಬೇಕು, ಆಮೇಲೆಯೇ ಹೆಣ ಒಳಗೆ. ಮಿಗಿಲಾದವನು ಯಾರೆಂದು ಮನೆಯವರು ಹೇಳಬೇಕು, ಅದು ಸತ್ತವನ ಕೊನೆಯ ಮಾತೆಂದೇ ಲೆಕ್ಕ.

"ಬಾಲ್ದಿಸ್ಸೇರಾ ಆಗ್ಲೇ ಕೆಳಗಡೆ ಉಗುರು ಕತ್ತರಿಸ್ಕೊಂಡು ರೆಡಿಯಾಗಿ ಕೂತಿದಾನೆ," ಎಂದ ಜೋರ್ಜಿ. "ಅವನ್ನೇ ಅಂದ್ಕೊಳ್ಳೋಣ್ವಾ?"

"ಗಂಟೆ ಹೊಡೆಯೋಷ್ಟೊತ್ತಿಗೆ ಹೇಳ್ತೀನಿ ಅಣ್ಣಾ."

"ತಡ ಮಾಡ್ಬೇಡಮ್ಮ. ಅವನು ಆ ಬೆರಳುಗಳನ್ನ ಇನ್ನೂ ಕತ್ತರಿಸ್ತಾ ಕೂತ್ರೆ ಮೊಣಕೈವರೆಗೆ ಬಂದ್ಬಿಡ್ತಾನೆ."

ಅಪ್ಪ ಯಾರ ಹೆಸರನ್ನೂ ಹೇಳಿರಲಿಲ್ಲ. ಹೇಳುವುದಕ್ಕೆ ಅವರಿಗೆ ಗೊತ್ತೂ ಇರಲಿಲ್ಲ. ಗೊತ್ತಿದ್ದವಳು ಮೆನೆಗಾ ಒಬ್ಬಳೇ. ಆ ಹೆಸರು ಹೇಳಬೇಕೆಂದರೆ ಇನ್ನೊಂದು ಮಾತನ್ನೂ ಹೇಳಬೇಕಿತ್ತು, ಆ ಮಾತು ಇಪ್ಪತ್ತು ವರ್ಷದಿಂದ ಅವಳ ಗಂಟಲಲ್ಲೇ ಉಳಿದಿತ್ತು.

*

ಮೆನೆಗಾಳ ಅಪ್ಪ ಬೊರ್ತೊಲೊ ಮೇಷ್ಟ್ರು ದೋಣಿಯವನ ಮಗ. ನದಿಯಲ್ಲಿ ಹುಟ್ಟು ಹಾಕಬೇಕಾದ ಕೈಗೆ ಯಾರೋ ಪ್ರಯಾಣಿಕ ಮರೆತುಹೋದ ಲ್ಯೂಟ್ ಎಂಬ ತಂತಿವಾದ್ಯ ಸಿಕ್ಕಿ, ಬದುಕು ಆ ದಾರಿ ಹಿಡಿಯಿತು. ಕಲಿಸುವುದರಲ್ಲಿ ಹೆಸರು ಮಾಡಿದರು. ಐವತ್ತೊಂದನೆಯ ವಯಸ್ಸಿನಲ್ಲಿ ಜ್ವರ ಬಂತು. ಹದಿನೇಳು ದಿನ ಮಲಗಿ ಎದ್ದಾಗ ಎರಡು ಕಿವಿಯೂ ಹೋಗಿದ್ದವು.

ಲ್ಯೂಟ್ ಮೇಷ್ಟ್ರಿಗೆ ಕಿವಿ ಇಲ್ಲವೆಂದರೆ ನಾಳೆಯಿಂದ ಮನೆ ಹತ್ತಿರ ನಾಯಿಯೂ ಸುಳಿಯುವುದಿಲ್ಲ. ತಾಯಿಯಿಲ್ಲದ ಮೆನೆಗಾಗೆ ಆಗ ಇಪ್ಪತ್ತೆರಡು. ಅಪ್ಪ ಮಗಳು ಅಡುಗೆಮನೆಯಲ್ಲಿ ಕೂತು ಒಂದು ಉಪಾಯ ಹೂಡಿದರು. ಅಪ್ಪ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತರು. ತಂತಿಯನ್ನು ಕಣ್ಣಿನಿಂದ ಆರಿಸಿದರು, ಅದರಲ್ಲಂತೂ ಊರಲ್ಲೇ ಅವರ ಸಮ ಯಾರೂ ಇರಲಿಲ್ಲ. ಕಣ್ಣಿಗೆ ಕಾಣುವುದನ್ನೆಲ್ಲ ಅವರೇ ತಿದ್ದಿದರು: ಬೆನ್ನು, ಮೊಣಕೈ, ಹಲಗೆಯ ಮೇಲೆ ಊರಿದ ಕಿರುಬೆರಳು, ಬೆರಳುಗಳ ಒಳಗೆ ಜಾರುವ ಹೆಬ್ಬೆರಳು. ಕಿವಿಗೆ ಕೇಳುವುದನ್ನು ಮೆನೆಗಾ ಅಡುಗೆಮನೆಯ ಬಾಗಿಲ ಹಿಂದೆ ಅವರೆ ಬಿಡಿಸುತ್ತ ಕೇಳಿಸಿಕೊಂಡಳು. ಪಾಠ ಮುಗಿದ ಮೇಲೆ ಅಪ್ಪ ಬಂದು ಹುಬ್ಬೇರಿಸುತ್ತಿದ್ದರು. "ತಂತಿಯ ಮೂರನೇ ಮೆಟ್ಟಿಲಲ್ಲಿ ಬೆರಳು ಸೋಮಾರಿ," ಎಂದು ಇವಳು ಹೇಳಿದರೆ, ಮುಂದಿನ ವಾರ ಶಿಷ್ಯನಿಗೆ ಅದೇ ಮಾತು, ನಾಲ್ಕು ಬೈಗುಳ ಸೇರಿಸಿ.

ನಾದ ಒಂದಿಷ್ಟಾದರೂ ಮೈಗೆ ಸಿಗಲಿ ಎಂದು ಅಪ್ಪ ನುಡಿಸುವಾಗ ಬಗ್ಗಿ ಲ್ಯೂಟಿನ ಅಂಚಿಗೆ ದವಡೆ ಒತ್ತುತ್ತಿದ್ದರು. ಶಿಷ್ಯರು ಅದನ್ನು ನೋಡಿದರು. ಗುರು ಮಾಡಿದ ಮೇಲೆ ಕೇಳಬೇಕೇ? ಎಲ್ಲರೂ ದವಡೆ ಒತ್ತಿದರು. ಕೆಲವೇ ವರ್ಷಗಳಲ್ಲಿ ಪಾದುವಾದಲ್ಲಿ ಕುತ್ತಿಗೆ ಸೊಟ್ಟಗಿದ್ದವನನ್ನು ಕಂಡರೆ ಜನ, "ಬೊರ್ತೊಲೊ ಶಿಷ್ಯನಾ ಸ್ವಾಮಿ?" ಎಂದು ಕೇಳುವಂತಾಯಿತು. ಅದನ್ನು ಕೇಳಿಸಿಕೊಂಡು ಬಂದು ಹೇಳಿದಾಗ ಅಪ್ಪ ನೆಲಕ್ಕೆ ಕೂತು ನಕ್ಕಿದ್ದರು, ಕಣ್ಣಲ್ಲಿ ನೀರು ಬರುವವರೆಗೆ.

*

ಲುನಾರ್ದೊ ಬುಟ್ಟಿ ಹೊತ್ತು ಬಂದಾಗ ಮೆನೆಗಾ, ನಾಲ್ಕನೆಯದನ್ನೂ ಒಲೆಗೆ ಎಸೆದು, ಐದನೆಯ ತಂತಿ ಬಿಗಿಯುತ್ತಿದ್ದಳು. ಇದು ಎರಡೇ ಗೆರೆಯ ತಂತಿ.

"ಮೂವತ್ತು ಹೇಳಿದ್ರಿ, ಮೂವತ್ತಾರು ತಂದಿದೀನಿ," ಎಂದ. "ಹೊರಗಡೆ ಗಾಳಿ. ಆರಿಹೋದ್ರೆ ಬೇರೆ ಇರ್ಲಿ."

ಪಾಠ ಬಿಟ್ಟ ಹನ್ನೊಂದು ವರ್ಷದಲ್ಲಿ ದಪ್ಪಗಾಗಿದ್ದ. ಮಾವನ ಬತ್ತಿ ಅಂಗಡಿಯ ಕೆಲಸ. ಬೆರಳ ತುದಿಗಳಲ್ಲಿ ಬಿಸಿ ಮೇಣ ಸುಟ್ಟ ಗಾಯಗಳು, ಒಂದರ ಮೇಲೊಂದು. ಕುತ್ತಿಗೆ ಮಾತ್ರ ನೆಟ್ಟಗಿತ್ತು. ಎಲ್ಲ ಶಿಷ್ಯರಲ್ಲಿ ದವಡೆ ಒತ್ತದವನು ಇವನೊಬ್ಬನೇ. ನೋಯುತ್ತೆ ಮೇಷ್ಟ್ರೇ, ಎಂದು ನೇರವಾಗಿ ಹೇಳಿಬಿಟ್ಟಿದ್ದ.

"ಕೂತ್ಕೋ ಲುನಾರ್ದೊ."

"ಅಂಗಡಿ ಬಿಟ್ಟು ಬಂದಿದೀನಿ."

"ಇವತ್ತು ನೀನು ನುಡಿಸ್ಬೇಕು. ಚರ್ಚಿನ ಹತ್ರ."

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. "ಸಾವಿನ ಮನೇಲಿ ತಮಾಷೆ ಬೇಡಿ. ಒಂಬತ್ತು ವರ್ಷ ಬಂದೆ ಈ ಮನೆಗೆ. ಮೊಣಕೈ ಇಳಿಸು ಅಂದ್ರು, ಕಿರುಬೆರಳು ಊರು ಅಂದ್ರು. ಭೇಷ್ ಅಂತ ಒಂದಿನ ಅಂದ್ರಾ? ಒಂದೇ ಒಂದಿನ? ಕೊನೇ ಗುರುವಾರ ಪವಾನ್ ಅನ್ನೋ ಆ ದೊಡ್ಡ ಗತ್ತು ನುಡಿಸಿದೆ. ಬೆವರಲ್ಲಿ ಅಂಗಿ ಮೈಗಂಟಿತ್ತು. ನಂಗೇ ಅನ್ನಿಸ್ತು, ಆಯ್ತು, ಇವತ್ತು ಆಗೋಯ್ತು ಅಂತ. ಅವರೇನಂದ್ರು ಗೊತ್ತಾ? 'ಬೆನ್ನು ನೆಟ್ಟಗೆ.' ಅಷ್ಟೇ! ಬ್ರೆಡ್ ಅಂಗಡಿ ಮುಂದೆ ನಿಂತು ಅತ್ತೆ, ಗೊತ್ತಾ ನಿಮಗೆ?"

ಅವಳಿಗೆ ಗೊತ್ತಿತ್ತು. ಕಿಟಕಿಯಿಂದ ನೋಡಿದ್ದಳು.

*

ಆ ಗುರುವಾರ ಅವಳ ಮಡಿಲಲ್ಲಿ ಅವರೆ ಹಾಗೇ ಉಳಿದಿತ್ತು. ಮೊದಲ ಸಾಲಿಗೇ ಕೈ ನಿಂತುಬಿಟ್ಟಿತ್ತು. ಬಾಗಿಲಾಚೆ ಲುನಾರ್ದೊ ನುಡಿಸುತ್ತಿದ್ದ. ದಪ್ಪ ತಂತಿಗಳು ನಿಧಾನ ಹೆಜ್ಜೆ ಹಾಕುತ್ತಿದ್ದವು, ಮೇಲೆ ಸಣ್ಣ ತಂತಿ ಒಂದೇ ಉಸಿರಿನಲ್ಲಿ ಹಾಡುತ್ತಿತ್ತು. ಇಷ್ಟು ಚೆಂದದ್ದನ್ನು ಅವಳು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ.

ಅಪ್ಪ ಒಳಗೆ ಬಂದರು. ಹುಬ್ಬೇರಿಸಿದರು. "ಕೈ ನೋಡಿದ್ರೆ ಆಗಿದೆ ಅನ್ಸುತ್ತೆ ಕಣೇ. ಮಾಂತುವಾ ಅರಮನೆಗೆ ಪತ್ರ ಬರೀಲಾ?"

ಭೇಷ್ ಎಂದ ದಿನವೇ ಪತ್ರ ಎನ್ನುವುದು ಅಪ್ಪನ ನೇಮ. ಪತ್ರ ಹಿಡಿದು ಹೋದವನು ಯಾವುದಾದರೂ ಅರಮನೆ ಸೇರುತ್ತಿದ್ದ, ತಿರುಗಿ ಬರುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಮೆನೆಗಾ ಬುಧವಾರ ತಲೆ ತೊಳೆದುಕೊಳ್ಳುತ್ತಿದ್ದಳು, ಗುರುವಾರಕ್ಕೆ. ಅವನು ಅವಳನ್ನು ತಿರುಗಿ ನೋಡಿದವನೂ ಅಲ್ಲ. ನೀರು ಕೊಟ್ಟರೆ ಕುಡಿಯುತ್ತಿದ್ದ, ಲೋಟ ಕೊಡುತ್ತಿದ್ದ. ಅವಳಿಗೆ ಅಷ್ಟು ಸಾಕಿತ್ತು, ಅವನು ಬರುತ್ತಿದ್ದರೆ ಸಾಕಿತ್ತು.

"ಇನ್ನೂ ಇಲ್ಲ ಅಪ್ಪಾ," ಎಂದಳು, ತುಟಿ ಬಿಡಿಸಿ, ಸ್ಪಷ್ಟವಾಗಿ. "ಕಣ್ಣಿಗೆ ಕಾಣೋದೇ ಬೇರೆ, ಕಿವಿಗೆ ಕೇಳೋದೇ ಬೇರೆ."

ಅಪ್ಪ ತಲೆಯಾಡಿಸಿದರು. ಮಗಳ ಮಾತನ್ನು ಅವರು ಎಂದೂ ಅನುಮಾನಿಸಿದವರಲ್ಲ. ಹೊರಗೆ ಹೋಗಿ ಕಂಡದ್ದನ್ನೇ ಹೇಳಿದರು: ಬೆನ್ನು ನೆಟ್ಟಗೆ. ಮುಂದಿನ ಗುರುವಾರ ಲುನಾರ್ದೊ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ.

*

ಮೆನೆಗಾ ಎಲ್ಲವನ್ನೂ ಹೇಳಿದಳು. ನಿಂತುಕೊಂಡೇ, ಬಿರಡೆಯ ಮೇಲಿನ ಕೈ ತೆಗೆಯದೆ. ಜ್ವರ, ಕಿವಿ, ಬಾಗಿಲು, ಮಾಂತುವಾ. ಬುಧವಾರದ ತಲೆಸ್ನಾನವನ್ನು ಬಿಟ್ಟಳು, ಆಮೇಲೆ ಅದನ್ನೂ ಹೇಳಿದಳು.

ಲುನಾರ್ದೊ ಬುಟ್ಟಿಯಿಂದ ಒಂದು ಬತ್ತಿ ತೆಗೆದು, ತಿರುಗಿಸಿ ನೋಡಿ, ಮತ್ತೆ ಇಟ್ಟ. ಅದನ್ನೇ ನಾಲ್ಕು ಸಲ ಮಾಡಿದ.

"ಅವರಿಗೆ ಕೇಳಿಸ್ತಾನೇ ಇರ್ಲಿಲ್ಲ."

"ಇಲ್ಲ."

"ನಾನು ಹನ್ನೊಂದು ವರ್ಷ ಆ ಮುದುಕನ್ನ ಶಪಿಸ್ದೆ. ದಿನಾ, ಮೇಣ ಕಾಯಿಸ್ತಾ." ಅವನ ದನಿ ಏರಿತು. "ನೀವು ಬೀದೀಲಿ ಎದುರಾದಾಗ ತಲೆಬಾಗಿ ನಮಸ್ಕಾರ ಮಾಡಿದೀನಲ್ರೀ ನಿಮಗೆ!"

"ಬಯ್ಯಿ. ಏನ್ ಬೇಕಾದ್ರೂ ಅನ್ನು."

ಅವನು ಬಯ್ಯಲಿಲ್ಲ. ಬಾಗಿಲ ಕಡೆ ನೋಡಿದ, ಯಾವ ಬಾಗಿಲ ಹಿಂದೆ ಅವಳು ಕೂರುತ್ತಿದ್ದಳೋ ಅದರ ಕಡೆ. "ಹಾಗಾದ್ರೆ ಆ ದಿನ ಕೇಳಿದ್ದು ನೀವು. ಹೇಗಿತ್ತು?"

ಗಂಟೆ ಹೊಡೆಯಿತು. ಜೋರ್ಜಿ ಕೆಳಗಿನಿಂದ ಕೂಗಿದ. ಪಾಸ್ಕ್ವಾ ಬಂದು ಮೆನೆಗಾಳ ಹೆಗಲಿಗೆ ಕಪ್ಪು ಬಟ್ಟೆ ಹೊದಿಸಿ, ಹೆಣ ಎತ್ತಿದ್ರು ನಡಿಯೇ, ಎಂದು ಎಳೆದುಕೊಂಡೇ ಹೋದಳು. ಮೆಟ್ಟಿಲ ಬುಡದಲ್ಲಿ ಜೋರ್ಜಿ ಕಾಯುತ್ತಿದ್ದ.

"ಹೆಸರು?"

"ಲುನಾರ್ದೊ."

"ಯಾರು, ಬತ್ತಿ ಮಾರೋನಾ?" ಎಂದ ಬಾಲ್ದಿಸ್ಸೇರಾ, ಸೊಟ್ಟ ಕುತ್ತಿಗೆಯನ್ನು ಇನ್ನಷ್ಟು ಸೊಟ್ಟಗೆ ಮಾಡಿ. "ಮೇಷ್ಟ್ರಿಗೆ ಕೊನೇಲಿ ತಲೆ ಕೆಟ್ಟಿತ್ತು, ಪಾಪ."

ಲುನಾರ್ದೊ ಬತ್ತಿಯ ಬುಟ್ಟಿಯನ್ನು ಕೆಳಗಿಟ್ಟ. ಲ್ಯೂಟ್ ಹೊತ್ತು ಹೆಣದ ಮುಂದೆ ನಡೆದ. ಗಾಳಿಗೆ ಬತ್ತಿಗಳು ಆರುತ್ತಿದ್ದವು, ಜನ ಪಕ್ಕದವರಿಂದ ಹೊತ್ತಿಸಿಕೊಳ್ಳುತ್ತಿದ್ದರು. ದಾರಿಯುದ್ದಕ್ಕೂ ಮೆನೆಗಾ ಅವನ ಬೆನ್ನನ್ನೇ ನೋಡುತ್ತಿದ್ದಳು. ಅದು ನೆಟ್ಟಗಿತ್ತು.

ಚರ್ಚಿನ ಬಾಗಿಲಲ್ಲಿ ಹೆಣ ಇಳಿಸಿದರು. ಯಾರೋ ಸ್ಟೂಲು ತಂದಿಟ್ಟರು. ಲುನಾರ್ದೊ ಕೂತು, ಬಿರಡೆ ಮುಟ್ಟಿ ನೋಡಿ, ಕಿರುಬೆರಳು ಹಲಗೆಗೆ ಊರಿ ಶುರುಮಾಡಿದ. ಅದೇ ಪವಾನ್. ಎರಡನೆಯ ಸಾಲಿಗೇ ಎಡಗೈ ತಡವರಿಸಿತು. ಸುಟ್ಟ ಬೆರಳುಗಳು ತಂತಿಯನ್ನು ಸರಿಯಾಗಿ ಒತ್ತುತ್ತಿರಲಿಲ್ಲ, ಸ್ವರಗಳು ಗೊರಗೊರ ಎಂದವು. ಹಿಂದೆ ಯಾರೋ ಕೆಮ್ಮಿದರು. ಬಾಲ್ದಿಸ್ಸೇರಾ ಪಕ್ಕದವನಿಗೆ ಏನೋ ಹೇಳಿ ನಕ್ಕ. ಲುನಾರ್ದೊ ನಿಲ್ಲಿಸಲಿಲ್ಲ. ಕೆಂಪೇರಿದ ಮುಖದಲ್ಲೇ ಕುಂಟುತ್ತ ಕೊನೆ ಮುಟ್ಟಿಸಿದ.

ಜೋರ್ಜಿ ಕಣ್ಸನ್ನೆ ಮಾಡಿದ, ನಾಲ್ವರು ಬಗ್ಗಿ ಹೆಣವನ್ನು ಹೆಗಲಿಗೆ ಎತ್ತಿದರು.

"ಭೇಷ್!"

ಹೆಂಗಸರ ಗುಂಪಿನಿಂದ ಬಂದ ಕೂಗು. ಎಲ್ಲರೂ ತಿರುಗಿದರು. ಪಾಸ್ಕ್ವಾ ಮೆನೆಗಾಳ ತೋಳು ಜಗ್ಗಿ, "ಏನೇ ಇದು, ಹುಚ್ಚೀ, ಹೆಣದ ಮುಂದೆ!" ಎಂದು ಪಿಸುಗುಟ್ಟಿದಳು. ಮೆನೆಗಾಳ ಕೆನ್ನೆಯ ಮೇಲೆ ಬೆಳಗಿನಿಂದ ಬಾರದಿದ್ದ ನೀರು ಇಳಿಯುತ್ತಿತ್ತು. ಅವಳು ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ, ಅಂದಳು: "ಭೇಷ್ ಲುನಾರ್ದೊ! ಆ ದಿನ, ಆ ದಿನ ಭೇಷ್ ಆಗಿತ್ತು!"

ಲುನಾರ್ದೊ ತಲೆ ಎತ್ತಲಿಲ್ಲ. ಸ್ಟೂಲಿನಿಂದ ಏಳಲೂ ಇಲ್ಲ. ಬೆರಳುಗಳನ್ನು ತೊಡೆಗೆ ಉಜ್ಜಿಕೊಂಡು, ಪವಾನನ್ನು ಮತ್ತೆ ಮೊದಲಿನಿಂದ ನುಡಿಸತೊಡಗಿದ. ಹೆಣ ಹೊತ್ತ ನಾಲ್ವರು ಜೋರ್ಜಿಯ ಮುಖ ನೋಡಿದರು. ಜೋರ್ಜಿ ಸ್ವಲ್ಪ ಹೊತ್ತು ಕೆನ್ನೆ ಉಜ್ಜಿಕೊಳ್ಳುತ್ತ ನಿಂತು, ಕೈ ಕೆಳಗೆ ಮಾಡಿದ. ಅವರು ಬೊರ್ತೊಲೊ ಮೇಷ್ಟ್ರನ್ನು ಸದ್ದಾಗದಂತೆ ಮತ್ತೆ ನೆಲಕ್ಕಿಳಿಸಿ, ಪಕ್ಕದಲ್ಲಿ ಕಾಯುತ್ತ ನಿಂತರು.