ಅಧ್ಯಕ್ಷರನ್ನು ಆರಿಸುವವರು ಯಾರು

ಅಮೆರಿಕದ ಅಧ್ಯಕ್ಷರ ಚುನಾವಣೆ ಮುಗಿದರೂ ಫ್ಲಾರಿಡಾದ ಓಟುಗಳ ರೀಕೌಂಟು, ಅಂದರೆ ಮರುಎಣಿಕೆ, ಮುಗಿಯದೆ ಎಳೆದಾಡುತ್ತಿದ್ದ ೨೦೦೦ನೇ ಇಸವಿಯ ಆ ನವೆಂಬರಿನಲ್ಲಿ, ನಮ್ಮ ಸಾಂಟಾ ಕ್ಲಾರಾದ ಮನೆಯಲ್ಲಿ ಟೀವಿಗಿಂತ ಜೋರಾಗಿ ಮಾತಾಡುತ್ತಿದ್ದವರು ಇಬ್ಬರು. ಒಬ್ಬರು ಜಯರಾಮ್ ದೊಡ್ಡಪ್ಪ. ಇನ್ನೊಬ್ಬರು ಅವರ ತಾಯಿ ದೊಡ್ಡತಾಯಮ್ಮ, ನನಗೆ ಅಜ್ಜಿ. ನಾನು ಬಾಯಿ ಬಿಡುತ್ತಿರಲಿಲ್ಲ. ಹೇಳಬೇಕೆನಿಸಿದ್ದನ್ನೆಲ್ಲ ರೂಮಿಗೆ ಹೋಗಿ ದಿನಚರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಅಲ್ಲಿ ಎದುರುತ್ತರ ಕೊಡುವವರು ಯಾರೂ ಇಲ್ಲ.

ಮೈಸೂರಿನಲ್ಲಿ ಡಿಗ್ರಿ ಮುಗಿಸಿ, ಇಲ್ಲಿಗೆ ಬಂದು ಎಂ.ಎಸ್. ಕೂಡ ಮಾಡಿದ್ದೆ. ಕೆಲಸ ಕೊಟ್ಟಿದ್ದ ಡಾಟ್‌ಕಾಮ್ ಕಂಪನಿ ನಾನು ಸೇರುವ ಮೊದಲೇ ಬಾಗಿಲು ಹಾಕಿಕೊಂಡಿತ್ತು. ಹಾಗಾಗಿ ಅಮ್ಮನ ಅಕ್ಕ ರಮಾ ದೊಡ್ಡಮ್ಮನ ಮನೆಯಲ್ಲಿದ್ದೆ. ಬೇರೆ ಕೆಲಸ ಹುಡುಕುವುದರ ಜೊತೆಗೆ ನನಗೆ ಮನೆಯವರು ವಹಿಸಿದ್ದು ಒಂದೇ: ಅಜ್ಜಿಯನ್ನು ಸಿಟಿಜನ್‌ಶಿಪ್ ಪರೀಕ್ಷೆಗೆ ತಯಾರು ಮಾಡುವುದು. ಅಜ್ಜಿಯ ವಯಸ್ಸಿಗೆ, ಇಲ್ಲಿ ಕಳೆದ ವರ್ಷಗಳಿಗೆ, ಪರೀಕ್ಷೆಯನ್ನು ಕನ್ನಡದಲ್ಲೇ ಕೊಡಬಹುದಿತ್ತು. ಪಕ್ಕದಲ್ಲಿ ಕೂತು ಅನುವಾದ ಮಾಡಲು ಹದಿನೆಂಟು ತುಂಬಿದ ಯಾರಾದರೂ ಬೇಕು, ಅಷ್ಟೆ. ಅದೂ ನಾನೇ.

ಅಜ್ಜಿಗೆ ಆ ಸಿಟಿಜನ್‌ಶಿಪ್ ಬೇಕಾಗಿದ್ದು ಮಂಡ್ಯಕ್ಕೆ ಹೋಗುವುದಕ್ಕೆ. ಅವರ ಮಗಳು, ಅಂದರೆ ನಮ್ಮ ಇಂದು ಅತ್ತೆ, ಮದುವೆಯಾಗಿ ಹದಿನಾರು ವರ್ಷದ ಮೇಲೆ ಬಸುರಿ, ಅದೂ ಅವಳಿ. ಜನವರಿಯಲ್ಲಿ ಹೆರಿಗೆ. "ಜಯರಾಮನ ಮಕ್ಳನ್ನ ನಾನೇ ಎತ್ತಿ ಆಡ್ಸಿ ದೊಡ್ಡವ್ರನ್ನ ಮಾಡ್ದೆ. ಇಂದೂ ಮಕ್ಳಿಗೂ ಎರಡು ವರ್ಷ ಕೊಡಬ್ಯಾಡ್ವಾ? ಹೆಣ್ಣುಮಗ್ಳು ಅಂತ ಕಮ್ಮಿ ಮಾಡಕ್ಕಾಯ್ತದಾ?" ಎನ್ನುತ್ತಿದ್ದರು. ಗ್ರೀನ್ ಕಾರ್ಡಿನ ಮೇಲೆ ಎರಡು ವರ್ಷ ಹೋದರೆ ಕಾರ್ಡು ಹೋಗುತ್ತದೆ. ಆರು ತಿಂಗಳು ದಾಟಿದರೂ ತೊಡಕು. ಕಾರ್ಡು ಹೋದರೆ ಇಲ್ಲಿನ ಮೊಮ್ಮಕ್ಕಳು ದೂರ. ಸಿಟಿಜನ್ ಆಗಿಬಿಟ್ಟರೆ ಹೋದಷ್ಟು ದಿನ ಹೋಗಿ ಬರಬಹುದು. ಒಂದು ಅರ್ಜಿಗೆ ಎರಡೇ ಅವಕಾಶ. ಸೆಪ್ಟೆಂಬರಿನಲ್ಲಿ ರಮಾ ದೊಡ್ಡಮ್ಮನ ಜೊತೆ ಹೋಗಿ, ಗಾಬರಿಯಲ್ಲಿ ಅರ್ಧಕ್ಕರ್ಧ ಮರೆತು ಫೇಲಾಗಿ ಬಂದಿದ್ದರು. ಉಳಿದದ್ದು ಡಿಸೆಂಬರಿನ ಒಂದು ಇಂಟರ್‌ವ್ಯೂ.

ಬಾವುಟದ ಬಣ್ಣ, ಮೊದಲ ಅಧ್ಯಕ್ಷ, ಸ್ವಾತಂತ್ರ್ಯದ ದಿನ, ಇವೆಲ್ಲ ಬೇಗ ಬಂದವು. ಸಿಕ್ಕಿಕೊಂಡದ್ದು ಒಂದು ಪ್ರಶ್ನೆಯಲ್ಲಿ.

"ಅಮೆರಿಕದ ಅಧ್ಯಕ್ಷರನ್ನ ಯಾರು ಆರಿಸ್ತಾರೆ ಅಜ್ಜಿ?"

"ಜನ ಕಣವ್ವ. ಇನ್ಯಾರು, ದನ ಆರಿಸ್ತಾವಾ?"

"ಅಲ್ಲ ಅಜ್ಜಿ. ಪುಸ್ತಕದಲ್ಲಿರೋ ಉತ್ತರ ಎಲೆಕ್ಟೋರಲ್ ಕಾಲೇಜು."

"ಕಾಲೇಜು ಹುಡುಗ್ರಾ?" ಅಜ್ಜಿ ಸೋಸುತ್ತಿದ್ದ ಮೆಂತ್ಯದ ಸೊಪ್ಪನ್ನು ಕೆಳಗಿಟ್ಟರು. "ಓದ್ಕೊಳಾದು ಬುಟ್ಟು ಅವ್ರಿಗ್ಯಾಕವ್ವ ಈ ಉಸಾಬರಿ?"

ಮೂರು ದಿನ ಹೇಳಿಕೊಟ್ಟೆ. ಕಾಲೇಜು ಎಂದರೆ ಕಾಲೇಜಲ್ಲ, ಜನ ಓಟು ಹಾಕುವುದು ಈ ಎಲೆಕ್ಟರುಗಳಿಗೆ, ಅವರು ಆಮೇಲೆ ಅಧ್ಯಕ್ಷರಿಗೆ ಹಾಕುತ್ತಾರೆ ಎಂದೆ. ಆ ಹೆಸರು ಮಾತ್ರ ಅಜ್ಜಿಯ ನಾಲಿಗೆಯಲ್ಲಿ ನಿಲ್ಲಲಿಲ್ಲ. ನಾಲ್ಕನೆಯ ದಿನ ಅವರಾಗಿಯೇ ಕೂಗಿ ಕರೆದರು.

"ಗೊತ್ತಾಯ್ತು ಬುಡು ತೇಜು. ಇದು ನಮ್ಮ ಹಾಲಿನ ಡೈರಿ ಎಲೆಕ್ಷನ್ನು. ಹಾಲು ಹಾಕೋರೆಲ್ಲ ಸೇರಿ ಡೈರೆಕ್ಟ್ರುಗಳನ್ನ ಆರಿಸ್ತಾರೆ, ಡೈರೆಕ್ಟ್ರುಗಳು ಅಧ್ಯಕ್ಷನ್ನ ಮಾಡ್ತಾರೆ. ಹಂಗೇ ಅಲ್ವಾ?"

ನನಗೆ ಎಷ್ಟು ಸಂತೋಷವಾಯಿತೆಂದರೆ, "ಹಾಗೇ ಅಜ್ಜಿ, ಥೇಟ್ ಡೈರಿ ಡೈರೆಕ್ಟರುಗಳೇ" ಎಂದುಬಿಟ್ಟೆ. ಮುಂದಿನ ಪಾಠಗಳಲ್ಲಿ ನಾನೂ ಅದೇ ಪದ ಬಳಸಿದೆ. ಪರೀಕ್ಷೆಗೆ ಮೊದಲು ಸರಿಯಾದ ಹೆಸರು ಕೂರಿಸಿದರಾಯಿತು ಅಂದುಕೊಂಡೆ.

ಅರ್ಥವಾದ ಮೇಲೆ ಅಜ್ಜಿಗೆ ಸಿಟ್ಟು ಬಂತು. ಊರಿನ ಡೈರಿಯಲ್ಲಿ ಹಾಲು ಹಾಕುವವರೆಲ್ಲ ತಾತನೇ ಅಧ್ಯಕ್ಷನಾಗಲಿ ಎನ್ನುತ್ತಿದ್ದರಂತೆ. "ಡೈರೆಕ್ಟ್ರುಗಳು ಮುನಿರಾಜು ಮನೇಲಿ ಬಾಡೂಟ ಉಂಡು ಬಂದು ಅವ್ನಿಗೇ ಕೈ ಎತ್ತುದ್ರು. ಸರಿಯಿಲ್ಲದ್ದನ್ನ ಸರಿಯಾದ ಉತ್ರ ಅಂತ ನಾನ್ಯಾಕವ್ವ ಹೇಳ್ಬೇಕು?"

"ಪಾಸಾಗೋಕೆ ಅಜ್ಜಿ" ಎಂದೆ.

ಆ ಶನಿವಾರ ಸ್ಯಾನ್ ರಮೋನ್‌ನಿಂದ ದ್ವಾರಕಾನಾಥ್ ಅಂಕಲ್ ಬಂದರು. ದೊಡ್ಡಪ್ಪನ ಹಳೆಯ ಸ್ನೇಹಿತರು. ಫ್ರೀವೇ ಟ್ರಾಫಿಕ್ಕನ್ನು ಬಯ್ಯುತ್ತಲೇ ಒಳಗೆ ಬಂದು, ಕಾಫಿ ಕೈಗೆ ಬರುವ ಮೊದಲೇ ಶುರು ಮಾಡಿದರು.

"ದೇಶದ ಲೆಕ್ಕದಲ್ಲಿ ಯಾರಿಗೆ ಜಾಸ್ತಿ ಓಟು ಬಿದ್ದಿದೆಯೋ ಅವನು ಮನೆಗೆ, ಕಮ್ಮಿ ಬಿದ್ದವನು ವೈಟ್ ಹೌಸಿಗೆ. ಇದ್ಯಾವ ನ್ಯಾಯ ಮಾರಾಯ? ಜನಾನೇ ಇಲ್ಲದ ವಯೋಮಿಂಗ್ ರಾಜ್ಯದವನ ಒಂದು ಓಟಿನ ತೂಕಕ್ಕೆ ನಮ್ಮ ಕ್ಯಾಲಿಫೋರ್ನಿಯಾದವರ ಮೂರು ಓಟು ಬೇಕು."

"ರೂಲ್ಸು ಆಟಕ್ಕೆ ಮುಂಚೇನೇ ಇತ್ತಲ್ಲಪ್ಪ" ಎಂದರು ದೊಡ್ಡಪ್ಪ. "ಸೋಲ್ತೀನಿ ಅಂತ ಗೊತ್ತಾದ ಮೇಲೆ ರೂಲ್ಸು ಸರಿಯಿಲ್ಲ ಅಂದ್ರೆ? ಇಂಡಿಯಾದಲ್ಲಿ ಪ್ರಧಾನ ಮಂತ್ರೀನ ನೀನು ಆರಿಸಿದ್ಯಾ? ಎಂ.ಪಿಗಳು ತಾನೇ ಆರಿಸೋದು?"

"ಅದು ಬಿಡು. ಫ್ಲಾರಿಡಾದಲ್ಲಿ ತೂತು ಮಾಡಿ ಓಟು ಹಾಕೋ ಕಾರ್ಡಿನ ಮೇಲೆ ಒತ್ತಿದ್ದಾರೆ, ಗುರುತು ಕಾಣ್ತಿದೆ. ತೂತಿನ ಕಾಗದದ ಚುಕ್ಕಿ ಪೂರ್ತಿ ಉದುರಿಲ್ಲ ಅಂತ ಎಣಿಸಲ್ಲ ಅಂದ್ರೆ?"

"ಉದುರಿದ್ರೆ ಓಟು, ಉದುರದಿದ್ರೆ ಇಲ್ಲ. ಚೆಕ್ಕಿಗೆ ಸೈನ್ ಹಾಕೋದು ಮರೆತ್ರೆ, ನಿನ್ನ ಮನಸ್ಸಲ್ಲಿ ಏನಿತ್ತು ಅಂತ ನೋಡಿ ಬ್ಯಾಂಕಿನವನು ದುಡ್ಡು ಕೊಡ್ತಾನಾ?"

ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ ಲಾಸ್ಯಾ, ದೊಡ್ಡಪ್ಪನ ಹದಿನೇಳರ ಮಗಳು, ತಲೆಯೆತ್ತದೆ "ಡ್ಯಾಡ್, ದಟ್ಸ್ ಸೋ ನಾಟ್ ಫೇರ್" ಎಂದಳು.

"ಎಣಿಸ್ಬೇಕು ಕಣ್ಲಾ ಜಯರಾಮ" ಎಂದರು ಅಜ್ಜಿ ಮೂಲೆಯಿಂದ. "ಅಷ್ಟು ದೂರ ಬಂದು ಒತ್ತವ್ರೆ. ಯಾರಿಗೆ ಒತ್ತವ್ರೆ ಅಂತ ಕಣ್ಣಿಗೆ ಕಾಣ್ತಾ ಇದ್ಮೇಲೆ ಎಣಿಸಕ್ಕೇನು ದಾಡಿ?"

"ಅವ್ವ, ನಿನಗೆ ಅದೆಲ್ಲ ಗೊತ್ತಾಗಲ್ಲ."

"ನಂಗ್ ಗೊತ್ತಾಗಲ್ವಾ? ಮುನಿರಾಜೂನೂ ಇದೇ ಮಾತು ಅಂದಿದ್ದ."

ನಾನು ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟಗಳನ್ನು ಹಿಡಿದು ನಿಂತಿದ್ದೆ. ಅಜ್ಜಿಯ ಪರ ಹೇಳಲು ನನ್ನ ಬಳಿ ಎಷ್ಟೋ ಇತ್ತು. ಆ ಕಾರ್ಡನ್ನು ಒತ್ತಿದ ಯಾವಳೋ ನಡುಗುವ ಕೈಯ ಮುದುಕಿಯ ಬಗ್ಗೆ ದಿನಚರಿಯಲ್ಲಿ ಎರಡು ಪುಟ ಬರೆದಿದ್ದೆ. ಮನಸ್ಸಿನಲ್ಲಿದ್ದದ್ದೇ ಓಟು, ಕಾಗದದ ತೂತಲ್ಲ, ಎಂದು ಬರೆದಿದ್ದೆ. ಲೋಟಗಳನ್ನು ಟೇಬಲ್ಲಿನ ಮೇಲಿಟ್ಟು ಒಳಗೆ ಹೋದೆ.

ಇಂಟರ್‌ವ್ಯೂ ಇದ್ದದ್ದು ಡಿಸೆಂಬರಿನ ಮೊದಲ ವಾರ. ದೊಡ್ಡಪ್ಪ ಆಫೀಸಿಗೆ ರಜೆ ಹಾಕಿ ಇಮಿಗ್ರೇಶನ್ ಆಫೀಸಿಗೆ ಕರೆದುಕೊಂಡು ಹೋದರು, ಕಾರಿನಲ್ಲೇ ಕಾದು ಕೂತರು. ಹಿಂದಿನ ಸಂಜೆಯಿಂದ ನಾನು "ಎಲೆಕ್ಟೋರಲ್ ಕಾಲೇಜು" ಎಂದು ಹೇಳಿಸಿ ಹೇಳಿಸಿ ಸುಸ್ತಾಗಿದ್ದೆ. ಹತ್ತು ಸಲದಲ್ಲಿ ಏಳು ಸಲ ಸರಿಯಾಗಿ ಅಂದಿದ್ದರು.

ಆಫೀಸರ್ ವಯಸ್ಸಾದ ಹೆಂಗಸು. ಕನ್ನಡಕಕ್ಕೆ ಸರಪಣಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಮೊದಲು ನನ್ನನ್ನು ನಿಲ್ಲಿಸಿ ಬಲಗೈ ಎತ್ತಿಸಿದರು. ಕೇಳಿದ್ದನ್ನು ಕೇಳಿದಂತೆಯೇ ಹೇಳುತ್ತೇನೆ, ಏನನ್ನೂ ಸೇರಿಸುವುದಿಲ್ಲ, ಏನನ್ನೂ ಬಿಡುವುದಿಲ್ಲ ಎಂದು ನನ್ನಿಂದ ಪ್ರಮಾಣ ಮಾಡಿಸಿದರು. ಅಷ್ಟು ಗಟ್ಟಿಯಾಗಿ ನಾನು ಯಾರೆದುರಿಗೂ ಮಾತಾಡಿದ್ದಿಲ್ಲ.

ಹತ್ತು ಪ್ರಶ್ನೆ, ಆರು ಸರಿಯಾಗಬೇಕು. ಬಾವುಟ ಸರಿಯಾಯಿತು. ಮೊದಲ ಅಧ್ಯಕ್ಷ ಸರಿಯಾಯಿತು. ಸುಪ್ರೀಂ ಕೋರ್ಟಿನ ಜಡ್ಜುಗಳು ಎಷ್ಟು ಎಂದರೆ, ಒಂಬತ್ತು ಎನ್ನುವ ಬದಲು ಹನ್ನೆರಡು ಎಂದರು. ದಿನವೂ ಟೀವಿಯಲ್ಲಿ ಆ ಕೋರ್ಟಿನ ಸುದ್ದಿಯೇ ಬರುತ್ತಿತ್ತು, ಆದರೂ ಹನ್ನೆರಡು. ಹೀಗೆ ಗೆದ್ದು ಸೋತು ಒಂಬತ್ತು ಪ್ರಶ್ನೆ ಮುಗಿದಾಗ ಐದು ಸರಿಯಾಗಿದ್ದವು. ಆಫೀಸರ್ ಕಾಗದ ನೋಡಿ ಕೊನೆಯದನ್ನು ಕೇಳಿದರು. ನಾನು ಅದನ್ನು ಕನ್ನಡಕ್ಕೆ ತಂದೆ.

"ಅಧ್ಯಕ್ಷರನ್ನ ಯಾರು ಆರಿಸ್ತಾರೆ?"

ಅಜ್ಜಿಯ ಮುಖ ಅರಳಿತು. ಗೊತ್ತಿರುವ ಪ್ರಶ್ನೆ. ಜಗಳವಾಡಿ ಕಲಿತ ಪ್ರಶ್ನೆ.

"ಡೈರೆಕ್ಟ್ರುಗಳು" ಎಂದರು ಗಟ್ಟಿಯಾಗಿ.

ಅವರ ತಲೆಯಲ್ಲಿ ಏನಿದೆಯೆಂದು ನನಗೆ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿತ್ತು. "ಎಲೆಕ್ಟರ್ಸ್" ಎಂದು ನಾನು ಅಂದಿದ್ದರೆ ಮುಗಿಯುತ್ತಿತ್ತು. ಮಂಡ್ಯ ಆ ಒಂದು ಪದದ ಆಚೆ ಇತ್ತು. ನನ್ನ ಬಾಯಿ ಮಾತ್ರ ಪ್ರಮಾಣದ ಹಿಂದೆ ಅಡಗಿಕೊಂಡು, "ದ ಡೈರೆಕ್ಟರ್ಸ್" ಎಂದಿತು.

ಆಫೀಸರ್ ಪೆನ್ನು ಎತ್ತಿ ನಿಲ್ಲಿಸಿದರು. ಅವರಿಗೂ ಪಾಸು ಮಾಡುವ ಮನಸ್ಸಿತ್ತು ಅನ್ನಿಸುತ್ತದೆ. ಯಾವುದರ ಡೈರೆಕ್ಟರ್ಸ್ ಎಂದು ಕೇಳಿದರು. ಕೇಳಿದ್ದನ್ನು ಅಜ್ಜಿಗೆ ಹೇಳಿದೆ. ಅಜ್ಜಿ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು.

"ಯಾವ್ದರದು ಅಂದ್ರೆ? ಡೈರೀದು ಕಣವ್ವ. ನೀನೇ ಹೇಳ್ಕೊಟ್ಟಿದ್ದಲ್ಲ."

"ಹಾಲಿನ ಡೈರಿಯ ಡೈರೆಕ್ಟರುಗಳು ಅಂತಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನೀನೇ ಹೇಳಿಕೊಟ್ಟಿದ್ದಲ್ಲ ಎಂಬುದನ್ನು ಹೇಳಲಿಲ್ಲ. ನಾಚಿಕೆಯಾಯಿತು. ಒಂದು ಮಾತನ್ನೂ ಬಿಡುವುದಿಲ್ಲ ಎಂದವಳು ನನಗೆ ಕುಂದಾಗುವ ಮಾತೊಂದನ್ನೇ ಬಿಟ್ಟೆ.

ಆಫೀಸರ್ ಏನೋ ಬರೆದು, ಸಾರಿ ಎಂದರು. ಮತ್ತೆ ಅರ್ಜಿ ಹಾಕಬಹುದು. ವರ್ಷದ ಮೇಲೆ ಹಿಡಿಯಬಹುದು.

ಕಾರಿನಲ್ಲಿ ನಡೆದದ್ದನ್ನು ಹೇಳಿದೆ. ದೊಡ್ಡಪ್ಪ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಸ್ಟಾರ್ಟ್ ಮಾಡದೆ ಕೂತರು.

"ಡೈರೆಕ್ಟರ್ಸ್ ಅಂದಿದ್ದನ್ನ ಡೈರೆಕ್ಟರ್ಸ್ ಅಂತಾನೇ ಹೇಳಿದ್ಯಾ?"

"ಹ್ಞೂಂ."

"ತಲೆ ಇದ್ಯೇನಮ್ಮ ನಿಂಗೆ? ಅವ್ವನ ಮನಸ್ಸಲ್ಲಿ ಏನಿತ್ತು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು ದೊಡ್ಡಪ್ಪ. ಪ್ರಮಾಣ ಮಾಡಿದ್ದೆ."

"ಪಾಸು ಮಾಡುಸ್ತೀನಿ ಅಂತ ನಂಗೆ ಮಾಡಿದ್ದು ಪ್ರಮಾಣ ಅಲ್ವಾ?" ಎಂದರು ಅಜ್ಜಿ ಹಿಂದಿನ ಸೀಟಿನಿಂದ. "ಎರಡಕ್ಷರ ಸರಿಮಾಡಿ ಹೇಳಿದ್ರೆ ನಿನ್ನ ಗಂಟೇನು ಹೋಯ್ತಿತ್ತು?"

ನನಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟಿತ್ತು. ಯಾರ ಮೇಲೆ ಎಂದು ಹೇಳಲಾಗದ ಸಿಟ್ಟು.

ಮನೆಗೆ ಬಂದವರೇ ದೊಡ್ಡಪ್ಪ ಯಾರಿಗೋ ಫೋನು ಮಾಡಿ ವಿಚಾರಿಸಿದರು. ಮೂವತ್ತು ದಿನದೊಳಗೆ ಕೇಳಿಕೊಂಡರೆ ಇನ್ನೊಬ್ಬ ಆಫೀಸರ್ ಮತ್ತೆ ನೋಡುತ್ತಾರಂತೆ. ಊಟದ ಟೇಬಲ್ಲಿಗೆ ಎಲ್ಲರನ್ನೂ ಕರೆದರು.

"ಅವ್ವ ಎಲೆಕ್ಟರ್ಸ್ ಅಂತಾನೇ ಅಂದ್ರು, ಅನುವಾದ ಮಾಡೋವಾಗ ನಾನು ತಪ್ಪು ಮಾಡಿದೆ. ಹಾಗಂತ ತೇಜು ಬರೆದು ಸೈನ್ ಹಾಕ್ತಾಳೆ. ಸಿಂಪಲ್."

ಲಾಸ್ಯಾ ಚಮಚ ಕೆಳಗಿಟ್ಟಳು. "ಸೋ ಯು ವಾಂಟ್ ಎ ರೀಕೌಂಟ್, ಡ್ಯಾಡ್?"

ರಮಾ ದೊಡ್ಡಮ್ಮನಿಗೆ ಕೆಮ್ಮು ಬಂತು. ನೀರು ಕುಡಿದರು.

"ಇದೇ ಬೇರೆ, ಅದೇ ಬೇರೆ" ಎಂದರು ದೊಡ್ಡಪ್ಪ.

"ಏನು ಬೇರೆ ದೊಡ್ಡಪ್ಪ?"

ಮಾತಾಡಿದ್ದು ನಾನು. ಎಲ್ಲರೂ ತಿರುಗಿ ನೋಡಿದರು.

"ಅಜ್ಜಿ ಎಲೆಕ್ಟರ್ಸ್ ಅನ್ನಲಿಲ್ಲ. ಡೈರೆಕ್ಟರ್ಸ್ ಅಂದ್ರು. ಮನಸ್ಸಲ್ಲಿ ಇದ್ದದ್ದು ಎಲೆಕ್ಟರ್ಸೇ. ಆ ಪದ ರೂಢಿ ಮಾಡಿಸಿದ್ದು ನಾನು. ಅಲ್ಲಿ ಅದನ್ನ ಮುಚ್ಚಿಟ್ಟೆ. ಇಷ್ಟನ್ನೂ ನಡೆದ ಹಾಗೇ ಬರೆದುಕೊಡ್ತೀನಿ. ಅಂದ ಮಾತು ನೋಡ್ತಾರೋ ಮನಸ್ಸು ನೋಡ್ತಾರೋ ಅವರೇ ತೀರ್ಮಾನ ಮಾಡ್ಲಿ. ಅಂದೇ ಇಲ್ಲದ್ದನ್ನ ಅಂದ್ರು ಅಂತ ಬರೆಯಲ್ಲ."

"ನಡೆದ ಹಾಗೆ ಬರೆದ್ರೆ ಯಾರಮ್ಮ ಪಾಸು ಮಾಡ್ತಾರೆ?"

"ಗೊತ್ತಿಲ್ಲ."

"ಹಾಗಾದ್ರೆ ಬರೆದು ಏನು ಉಪಯೋಗ?" ದೊಡ್ಡಪ್ಪ ತಟ್ಟೆ ಸರಿಸಿ ಎದ್ದು ಹೋದರು. ಅಷ್ಟು ದಿನ ರೂಲ್ಸು ರೂಲ್ಸು ಎಂದವರು ಅವರು. ಮನಸ್ಸು ಮನಸ್ಸು ಎಂದು ಪುಟಗಟ್ಟಲೆ ಬರೆದವಳು ನಾನು. ಸಮಯ ಬಂದಾಗ ಇಬ್ಬರೂ ಒಬ್ಬರ ಜಾಗದಲ್ಲಿ ಒಬ್ಬರು ನಿಂತಿದ್ದೆವು. ಕಾಗದದ ಮಾತು ಅಲ್ಲಿಗೇ ನಿಂತಿತು, ಜಾಗ ಬದಲಿಸಿದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಅಜ್ಜಿಯಾದರೂ ನನ್ನ ಮಾತು ಒಪ್ಪುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಕಾಲಿಂಗ್ ಕಾರ್ಡಿನ ನಂಬರುಗಳನ್ನು ರಮಾ ದೊಡ್ಡಮ್ಮನಿಂದ ಒತ್ತಿಸಿ, ಮಂಡ್ಯಕ್ಕೆ ಫೋನು ಹಚ್ಚಿಸಿದರು.

"ಇಂದೂ, ಪಾಸಾಗ್ಲಿಲ್ಲ ಕಣೆ. ನಾನು ಸರಿಯಾಗೇ ಹೇಳ್ದೆ, ಇವ್ರು ಲೆಕ್ಕಕ್ಕೆ ತಗೊಳ್ಳಿಲ್ಲ... ಹ್ಞೂಂ... ಅಳಬ್ಯಾಡ, ಬಸ್ರಿ ಹೆಂಗ್ಸು. ಐದು ತಿಂಗ್ಳು ಬತ್ತೀನಿ. ಅದ್ಕಿಂತ ಜಾಸ್ತಿ ಇರಂಗಿಲ್ವಂತೆ. ಬಾಣಂತನ ನಾನೇ ಮಾಡ್ತೀನಿ. ಬೋರಲು ಬೀಳಾದು ನೋಡ್ತೀನಿ. ಅಂಬೆಗಾಲು ಇಕ್ಕಾದು ನೀನೇ ನೋಡ್ಕಬೇಕು."

ಫೋನು ಇಟ್ಟು ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಲಾಸ್ಯಾಳನ್ನು ಕರೆದರು.

"ಏ ಲಾಸ್ಯಾ, ಬರೋ ವರ್ಷ ನಿಂಗೆ ಹದಿನೆಂಟು ತುಂಬ್ತದಲ್ವಾ? ಮತ್ತೆ ಅರ್ಜಿ ಹಾಕ್ತೀನಿ. ಜೊತೇಲಿ ನೀನು ಬಾ."

"ಅಜ್ಜಿ, ಮೈ ಕನ್ನಡ ಈಸ್ ಟೆರಿಬಲ್!"

ಅಜ್ಜಿ ರಮಾ ದೊಡ್ಡಮ್ಮನ ಕಡೆ ತಿರುಗಿದರು. ದೊಡ್ಡಮ್ಮ ಪಾತ್ರೆ ತೊಳೆಯುತ್ತಿದ್ದರು, ಕೇಳಿಸಲಿಲ್ಲ. ನಾನೇ ಹೇಳಿದೆ.

"ಅವಳಿಗೆ ಕನ್ನಡ ಸರಿಯಾಗಿ ಬರಲ್ಲವಂತೆ ಅಜ್ಜಿ."

"ಅದ್ಕೇ ಅವ್ಳನ್ನ ಕರೀತಿರಾದು" ಎಂದರು ಅಜ್ಜಿ, ನನ್ನ ಕಡೆ ತಿರುಗದೆ.